ಅಮ್ಮನ ಮಾತ್ರೆ ತೆಗೆಯುವ ಸಾಧನ: ಏಳು ಮಾದರಿ, 34 ವಾರಗಳ ದಾಖಲೆ

ಏಳನೆಯ ಮಾದರಿಯನ್ನು ನಿನ್ನೆ ರಾತ್ರಿ ಜೋಡಿಸಿ ಮುಗಿಸಿದೆ. ಇಂದು ಬೆಳಗ್ಗೆ ಅಮ್ಮ ಅದರ ಮೇಲೆ ಅಂಗೈ ಇಟ್ಟು ಒತ್ತಿ, ಕೆಳಗಿನ ಬಟ್ಟಲಿಗೆ ಬಿದ್ದ ಮಾತ್ರೆಯನ್ನು ತಾನೇ ತೆಗೆದುಕೊಂಡಳು. ಕೆಲಸ ಪೂರ್ತಿ ಮುಗಿದಿಲ್ಲ. ಒಂದು ಬಗೆಯ ಸ್ಟ್ರಿಪ್ ಇನ್ನೂ ಬಗ್ಗುತ್ತಿಲ್ಲ, ಅದನ್ನು ಕೊನೆಯಲ್ಲಿ ಬರೆದಿದ್ದೇನೆ.

ನಾನು ಎಂಜಿನಿಯರ್ ಅಲ್ಲ, ಲೆಕ್ಕಪತ್ರ ನೋಡಿಕೊಳ್ಳುವವನು. ಕೈಯಲ್ಲಿ ಇದ್ದದ್ದು ಒಂದು ಕಲ್ಪನೆ ಮಾತ್ರ. ಅದು ಕೈಗೆ ಸಿಗುವ ವಸ್ತುವಾಗಲು ನಾಲ್ವರು ಪರಿಣತರ ನೆರವು ಬೇಕಾಯಿತು. ಆ ನೆರವನ್ನು ಎಲ್ಲಿ ಸರಿಯಾಗಿ ಪಡೆದೆ, ಎಲ್ಲಿ ಎಡವಿದೆ ಎಂಬುದನ್ನೂ ಅಳತೆಗಳ ಜೊತೆಯಲ್ಲೇ ದಾಖಲಿಸುತ್ತಿದ್ದೇನೆ. ದರಗಳು ಊರಿಂದ ಊರಿಗೆ ಬೇರೆಯಾಗುವುದರಿಂದ ಒಟ್ಟು ಖರ್ಚನ್ನು 100 ಪಾಲು ಎಂದು ಇಟ್ಟುಕೊಂಡು, ಯಾವುದಕ್ಕೆ ಎಷ್ಟು ಪಾಲು ಹೋಯಿತೆಂದು ಹೇಳುತ್ತೇನೆ.

ವಾರ 1: ಸ್ಟ್ರಿಪ್ಪುಗಳ ಅಳತೆ

ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆಯಾದರೂ ಬೆರಳುಗಳು ಬಿಗಿದುಕೊಂಡೇ ಇರುತ್ತವೆ. ಮಾತ್ರೆ ತೆಗೆದುಕೊಳ್ಳಬೇಕಾದದ್ದೂ ಆ ಹೊತ್ತಿನಲ್ಲೇ. ಸ್ಟ್ರಿಪ್ಪಿನಲ್ಲಿ ಮಾತ್ರೆ ಕೂತಿರುವ ಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಲಾಗದೆ ಅವಳು ಕತ್ತರಿ ಹಿಡಿಯುತ್ತಿದ್ದಳು. ಒಂದು ದಿನ ಮಂಚದ ಕೆಳಗೆ ಗುಡಿಸುವಾಗ ಅರ್ಧಕ್ಕೆ ತುಂಡಾದ ಮೂರು ಮಾತ್ರೆಗಳು ಸಿಕ್ಕವು. ಎಷ್ಟು ದಿನ ಅರ್ಧ ಮಾತ್ರೆಯನ್ನೇ ನುಂಗಿದ್ದಳೋ! ಈ ಕೆಲಸ ಅಂದೇ ಶುರುವಾಯಿತು.

ಮನೆಯಲ್ಲಿದ್ದ 14 ಬಗೆಯ ಸ್ಟ್ರಿಪ್ಪುಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದೆ. ದುಂಡು ಮಾತ್ರೆಗಳು 6ರಿಂದ 12 ಮಿ.ಮೀ., ಉದ್ದನೆಯವು 18 ಮಿ.ಮೀ.ವರೆಗೆ. ಕ್ಯಾಪ್ಸೂಲ್‌ಗಳಲ್ಲಿ ದೊಡ್ಡದು ‘0’ ಅಳತೆಯದು, ಉದ್ದ 21.7 ಮಿ.ಮೀ.

ಒತ್ತುವ ಬಲವನ್ನು ಅಳೆಯಲು 5 ಕಿಲೋ ಮಿತಿಯ ಡಿಜಿಟಲ್ ತಕ್ಕಡಿ ಸಾಕಾಯಿತು. ತಕ್ಕಡಿಯ ಮೇಲೆ ಒಂದು ಬಳೆಯಾಕಾರದ ಪ್ಲಾಸ್ಟಿಕ್ ತುಂಡು, ಅದರ ಮೇಲೆ ಬೋರಲಾಗದಂತೆ, ಗುಳ್ಳೆ ಮೇಲಾಗಿ ಸ್ಟ್ರಿಪ್. ಪೆನ್ನಿನ ಹಿಂಬದಿಯಿಂದ ನಿಧಾನವಾಗಿ ಒತ್ತಿ, ಫಾಯಿಲ್ ಹರಿಯುವ ಕ್ಷಣದ ಅಂಕಿಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಸಾಮಾನ್ಯ ಸ್ಟ್ರಿಪ್ಪುಗಳಿಗೆ 2.1ರಿಂದ 3.9 ಕಿಲೋ ಬೇಕಾಯಿತು. ಹಿಂಬದಿಯ ಅಲ್ಯೂಮಿನಿಯಂ ಫಾಯಿಲ್‌ನ ದಪ್ಪ ಬರಿಯ 20–25 ಮೈಕ್ರಾನ್. ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗದಷ್ಟು ತೆಳ್ಳಗಿನ ಹಾಳೆ ಅಷ್ಟು ಬಲ ಕೇಳುತ್ತದೆ ಎಂದು ನಾನು ಎಣಿಸಿರಲಿಲ್ಲ.

ಈ ವಾರ ಮಾಡಿದ ತಪ್ಪು: 14 ಸ್ಟ್ರಿಪ್ಪುಗಳನ್ನು ಅಳೆದವನು ಅಮ್ಮನ ಕೈಯನ್ನು ಅಳೆಯಲಿಲ್ಲ. ಈ ಒಂದು ಮರೆವಿಗೆ ಎಂಟು ವಾರ ಹೋಯಿತು.

ವಾರ 2–4: ಮೊದಲ ಮಾದರಿ, ಮರದ ಇಕ್ಕಳ

ಎರಡು ಮರದ ಪಟ್ಟಿ, ನಡುವೆ ಒಂದು ಕೀಲು, ಒಂದು ಪಟ್ಟಿಯಲ್ಲಿ 14 ಮಿ.ಮೀ. ತೂತು, ಎದುರಿನ ಪಟ್ಟಿಯಲ್ಲಿ ಮರದ ಗೂಟ. ಸ್ಟ್ರಿಪ್ಪನ್ನು ನಡುವೆ ಇಟ್ಟು ಇಕ್ಕಳದಂತೆ ಹಿಸುಕಿದರೆ ಮಾತ್ರೆ ತೂತಿನಿಂದ ಹೊರಗೆ ಬರುತ್ತದೆ. ನನ್ನ ಕೈಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಹಿಗ್ಗಿ ಅಮ್ಮನಿಗೆ ಕೊಟ್ಟೆ. ಅವಳು ಎರಡು ಸಲ ಹಿಸುಕಿ, ಏನೂ ಹೇಳದೆ ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ವಾರ 5–8: ಹಣ ತೆತ್ತು ಕಳೆದುಕೊಂಡ ತಿಂಗಳು

ಮರದ ಇಕ್ಕಳದ ಚಿತ್ರವನ್ನು ಹಿಡಿದು, ಆವಿಷ್ಕಾರಗಳಿಗೆ ರೂಪ ಕೊಡುತ್ತೇವೆ ಎಂದು ಹೇಳಿಕೊಳ್ಳುವ ಒಂದು ಸಂಸ್ಥೆಯ ಬಳಿ ಹೋದೆ. ಮೊದಲ ಮಾತಿನಲ್ಲೇ ‘ಇದಕ್ಕೆ ದೊಡ್ಡ ಮಾರುಕಟ್ಟೆ ಇದೆ’ ಎಂದರು. ಸಾಧನವನ್ನು ಕೈಗೆತ್ತಿಕೊಂಡೂ ನೋಡಲಿಲ್ಲ. ‘ಮೌಲ್ಯಮಾಪನ ವರದಿ’ಗೆ ಮುಂಗಡವಾಗಿ ಕೊಟ್ಟ ಹಣ ಒಟ್ಟು ಖರ್ಚಿನಲ್ಲಿ 22 ಪಾಲು. ನಾಲ್ಕು ವಾರಗಳ ನಂತರ 46 ಪುಟದ ಕಡತ ಬಂತು. ಅದರಲ್ಲಿ ಒಂದೇ ಒಂದು ಅಳತೆ ಇರಲಿಲ್ಲ. ಕೈಯ ಬಗ್ಗೆ, ಬಲದ ಬಗ್ಗೆ, ಅದನ್ನು ಯಾವ ವಸ್ತುವಿನಿಂದ ಮಾಡಬೇಕೆಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂದಿನ ಹಂತಕ್ಕೆ ಇನ್ನೂ ದೊಡ್ಡ ಮೊತ್ತದ ಬೇಡಿಕೆ ಮಾತ್ರ ಕೊನೆಯ ಪುಟದಲ್ಲಿತ್ತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಇಂಥ ಸಂಸ್ಥೆಗಳನ್ನು ಏನು ಕೇಳಬೇಕೆಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ 1999ರ ಆವಿಷ್ಕಾರಕರ ರಕ್ಷಣೆಯ ಕಾಯ್ದೆ ಪ್ರಕಾರ ಇವರು ಒಪ್ಪಂದಕ್ಕೆ ಮೊದಲೇ ಕೆಲವು ಲೆಕ್ಕಗಳನ್ನು ಬರಹದಲ್ಲಿ ಕೊಡಬೇಕು: ಕಳೆದ ಐದು ವರ್ಷಗಳಲ್ಲಿ ಎಷ್ಟು ಕಲ್ಪನೆಗಳನ್ನು ಪರಿಶೀಲಿಸಿದರು, ಎಷ್ಟಕ್ಕೆ ಒಳ್ಳೆಯದೆಂದರು, ಎಷ್ಟಕ್ಕೆ ಬೇಡವೆಂದರು, ಅವರ ಸೇವೆಯಿಂದ ಹಾಕಿದ್ದಕ್ಕಿಂತ ಹೆಚ್ಚು ಹಣ ಗಳಿಸಿದ ಗ್ರಾಹಕರು ಎಷ್ಟು ಮಂದಿ. ಯಾವ ದೇಶದಲ್ಲಿದ್ದರೂ ಈ ಪ್ರಶ್ನೆಗಳನ್ನು ಕೇಳಬಹುದು. ನಾನು ಕೇಳಿದ್ದರೆ ಆ 22 ಪಾಲು ಉಳಿಯುತ್ತಿತ್ತು.

ವಾರ 9: ಥೆರಪಿಸ್ಟ್ ಜೊತೆ ಒಂದು ಗಂಟೆ

ಅಮ್ಮನನ್ನು ನೋಡುತ್ತಿದ್ದ ವೈದ್ಯರೇ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಅವರನ್ನು ಕಾಣಲು ಹೇಳಿದರು. ಖರ್ಚು 6 ಪಾಲು. ಇಡೀ ಕೆಲಸದಲ್ಲಿ ನಾನು ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಸಿಕ್ಕಿದ್ದು ಇಲ್ಲಿಯೇ.

ನನ್ನ ಚಿತ್ರಗಳನ್ನು ಅವರು ಬದಿಗಿಟ್ಟರು. ಅಮ್ಮನ ಮುಂದೆ ಒಂದು ಸ್ಟ್ರಿಪ್ ಇಟ್ಟು, ‘ಮನೆಯಲ್ಲಿ ಹೇಗೆ ತೆಗೆಯುತ್ತೀರೋ ಹಾಗೆಯೇ ತೆಗೆಯಿರಿ ಅಮ್ಮ, ನಾನು ಏನೂ ಹೇಳುವುದಿಲ್ಲ’ ಎಂದರು. ಅಮ್ಮ ಸ್ಟ್ರಿಪ್ಪನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಬೆರಳುಗಳನ್ನು ಬಿಟ್ಟು, ಅಂಗೈಯ ಬುಡದಿಂದ ಗುಳ್ಳೆಯನ್ನು ಜಜ್ಜಲು ನೋಡಿದಳು. ವರ್ಷಗಟ್ಟಲೆ ನನ್ನ ಕಣ್ಣೆದುರಿಗೇ ನಡೆದಿದ್ದ ಕೆಲಸ ಅದು. ನಾನು ನೋಡಿರಲಿಲ್ಲ.

ಥೆರಪಿಸ್ಟ್ ಅದೇ ತಕ್ಕಡಿಯ ಮೇಲೆ ಅಮ್ಮನ ಕೈಯನ್ನು ಅಳೆಸಿದರು. ಹೆಬ್ಬೆರಳಿನಿಂದ ಒತ್ತಿದರೆ 0.8 ಕಿಲೋಗೆ ನೋವು. ಅಂಗೈಯ ಬುಡದಿಂದ, ಮೊಣಕೈ ನೇರ ಮಾಡಿ ಮೇಲಿನಿಂದ ಒತ್ತಿದರೆ 2.5 ಕಿಲೋವರೆಗೂ ನೋವಿಲ್ಲ. ಮುಷ್ಟಿ ಕಟ್ಟಿ ಹಿಸುಕುವುದನ್ನು ಪೂರ್ತಿ ಬಿಡಬೇಕೆಂದರು. ಮರದ ಇಕ್ಕಳ ಕೇಳುತ್ತಿದ್ದದ್ದು ಅದನ್ನೇ. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು: ಸುಲಭವಾಯಿತೆಂದು ವಾರದ ಮಾತ್ರೆಗಳನ್ನೆಲ್ಲ ಒಮ್ಮೆಗೇ ತೆಗೆದು ಡಬ್ಬಿಗೆ ಹಾಕಿಡಬಾರದು, ತೇವಕ್ಕೆ ಕೆಡುವ ಮಾತ್ರೆಗಳು ಇರುತ್ತವೆ, ಔಷಧ ಕೊಡುವವರನ್ನು ಕೇಳದೆ ಹಾಗೆ ಮಾಡಬೇಡಿ.

ಆ ರಾತ್ರಿಯೇ ಒಂದು ಪುಟದ ಬೇಡಿಕೆ ಪಟ್ಟಿ ಬರೆದೆ. ಅಂಗೈಯಿಂದ ಮಾತ್ರ ಒತ್ತುವಂತಿರಬೇಕು. ಒತ್ತಡ 1.2 ಕಿಲೋ ಮೀರಬಾರದು. ಒಂದೇ ಕೈ ಸಾಕಾಗಬೇಕು, ಸಾಧನ ಮೇಜಿನ ಮೇಲೆ ಜಾರಬಾರದು. ಮಾತ್ರೆ ಮುರಿಯಬಾರದು, ಉರುಳಿ ಹೋಗಬಾರದು. ಇಷ್ಟೇ. ‘ಹೇಗಿರಬೇಕು’ ಎಂಬ ಚಿತ್ರವನ್ನು ಬೇಕೆಂದೇ ಬರೆಯಲಿಲ್ಲ.

ವಾರ 10–11: ಎರಡನೆಯ ಮಾದರಿ, ರಟ್ಟು

5 ಮಿ.ಮೀ. ದಪ್ಪದ ರಟ್ಟಿನಿಂದ ಉದ್ದನೆಯ ಲಿವರ್, ಅಂದರೆ ಸನ್ನೆಕೋಲು. ಒಂದು ತುದಿಗೆ ಕೀಲು, ಕೀಲಿನಿಂದ 25 ಮಿ.ಮೀ. ದೂರದಲ್ಲಿ ಒತ್ತುಕಡ್ಡಿ, 110 ಮಿ.ಮೀ. ದೂರದಲ್ಲಿ ಅಂಗೈ ಇಡುವ ಹಲಗೆ. 110ನ್ನು 25ರಿಂದ ಭಾಗಿಸಿದರೆ 4.4. ಅಂದರೆ 3.9 ಕಿಲೋ ಬೇಡುವ ಸ್ಟ್ರಿಪ್ಪಿಗೆ ಅಂಗೈ 0.9 ಕಿಲೋ ಕೊಟ್ಟರೆ ಸಾಕು. ರಟ್ಟು ನಾಲ್ಕನೆಯ ಒತ್ತಿಗೆ ಮಡಚಿಹೋಯಿತು, ಆದರೆ ಅಷ್ಟರಲ್ಲಿ ಅಮ್ಮ ಎರಡು ಮಾತ್ರೆ ತೆಗೆದಿದ್ದಳು.

ವಾರ 12: ಪೇಟೆಂಟ್, ಅವಸರದ ಅರ್ಜಿ

ಮೊದಲು ನಾನೇ ಹುಡುಕಿದೆ. ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ ಎಂಬ ಪೇಟೆಂಟ್ ಹುಡುಕುವ ಜಾಲತಾಣ ಉಚಿತ. ಬಾಯಿಂದ ಮಾತ್ರೆ, ಔಷಧ ಕೊಡುವ ಸಾಧನಗಳಿಗೆ ‘ಎ61ಜೆ 7/00’ ಎಂಬ ವರ್ಗವಿದೆ. ಪದಗಳಿಂದ ಹುಡುಕುವುದಕ್ಕಿಂತ ವರ್ಗದಿಂದ ಹುಡುಕಿದರೆ ಹೆಚ್ಚು ಸಿಗುತ್ತದೆ. ಸ್ಟ್ರಿಪ್ಪಿನಿಂದ ಮಾತ್ರೆ ತಳ್ಳುವ ಸಾಧನಗಳು ಅಲ್ಲಿ ಹತ್ತಾರು ಇದ್ದವು, ಲಿವರ್ ಇರುವವೂ ಇದ್ದವು. ಎರಡು ದಿನ ಮಂಕಾಗಿ ಕೂತೆ. ಆಮೇಲೆ ಪೇಟೆಂಟ್ ಏಜೆಂಟ್ ಒಬ್ಬರು ಅದೇ ಪಟ್ಟಿಯನ್ನು ಓದಿ, ಮಾತ್ರೆಯ ಗಾತ್ರಕ್ಕೆ ತಕ್ಕಂತೆ ತಿರುಗಿಸುವ ತಟ್ಟೆ (ನಾಲ್ಕು ಬೇರೆ ಬೇರೆ ತೂತುಗಳಿರುವುದು) ಮತ್ತು ಅಂಗೈ ಹಲಗೆಯ ಜೋಡಣೆ ಹೊಸದಿರಬಹುದು ಎಂದರು.

ಅವರು ಹೇಳಿದ ಎರಡು ಮಾತು ಎಲ್ಲರಿಗೂ ಬೇಕಾದವು. ಅರ್ಜಿಗೆ ಮೊದಲು ಚಿತ್ರವನ್ನು ಎಲ್ಲೂ ಹಾಕಬೇಡಿ, ಬಹಳ ದೇಶಗಳಲ್ಲಿ ಮೊದಲೇ ಬಹಿರಂಗವಾದದ್ದಕ್ಕೆ ಹೊಸತನ ಉಳಿಯುವುದಿಲ್ಲ. ಮೊದಲ ಅರ್ಜಿಯ ದಿನದಿಂದ 12 ತಿಂಗಳು ಬೇರೆ ದೇಶಗಳಲ್ಲೂ ಅದೇ ದಿನಾಂಕದ ಆದ್ಯತೆ ಕೇಳಬಹುದು, 1883ರ ಪ್ಯಾರಿಸ್ ಒಪ್ಪಂದದಿಂದ ಬಂದ ಅನುಕೂಲ ಅದು. ನಾನು ಕೂಡಲೇ ತಾತ್ಕಾಲಿಕ ಅರ್ಜಿ (ಪೂರ್ಣ ಅರ್ಜಿಗೆ ಮೊದಲು ದಿನಾಂಕ ಕಾಯ್ದಿರಿಸುವಂಥದ್ದು) ಹಾಕಿಸಿದೆ. ಲಿವರಿಗೆ ಒತ್ತುಕಡ್ಡಿ ಅಂಟಿಕೊಂಡಿರುವ ಚಿತ್ರವನ್ನೇ ಕೊಟ್ಟೆ. ಈ ಅವಸರದ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ವಾರ 13–16: ವಿನ್ಯಾಸಕರು, ಮೂರನೆಯ ಮತ್ತು ನಾಲ್ಕನೆಯ ಮಾದರಿ

ಸ್ವತಂತ್ರವಾಗಿ ಕೆಲಸ ಮಾಡುವ ಒಬ್ಬ ಉತ್ಪನ್ನ ವಿನ್ಯಾಸಕರನ್ನು ಹಿಡಿದೆ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಆಯಿತು. ಕೆಲಸವನ್ನು ಗಂಟೆ ಲೆಕ್ಕದಲ್ಲಿ ಒಪ್ಪಿಸದೆ ಮೂರು ಹಂತಗಳಾಗಿ ಒಡೆದೆವು, ಪ್ರತಿ ಹಂತದ ಕೊನೆಗೆ ಕೈಗೆ ಒಂದು ವಸ್ತು ಬರಬೇಕು, ಆಮೇಲೆ ಹಣ. ಕಂಪ್ಯೂಟರ್ ಚಿತ್ರಗಳ ಮೂಲ ಕಡತಗಳು ನನಗೇ ಸೇರಬೇಕೆಂದು ಬರೆಸಿಕೊಂಡೆ. ಪ್ರಿಂಟರಿಗೆ ಕೊಡುವ ಎಸ್‌ಟಿಎಲ್ ಕಡತ ಮಾತ್ರ ಸಾಲದು, ಅದನ್ನು ತಿದ್ದುವುದು ಕಷ್ಟ. ತಿದ್ದಲು ಬರುವ ಸ್ಟೆಪ್ ಕಡತವನ್ನೂ ಪಡೆಯಿರಿ. ಈ ವಿನ್ಯಾಸದ ಒಟ್ಟು ಖರ್ಚು 31 ಪಾಲು.

ಮೂರನೆಯ ಮಾದರಿ 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ಆಯಿತು. ಲಿವರನ್ನು ನೆಟ್ಟಗೆ ನಿಲ್ಲಿಸಿ ಪ್ರಿಂಟ್ ಮಾಡಿದ್ದರಿಂದ ಪದರಗಳು ಅಡ್ಡಡ್ಡ ಬಂದಿದ್ದವು. ಹನ್ನೊಂದನೆಯ ಒತ್ತಿಗೆ ಕೀಲಿನ ಬಳಿ ಬಿಸ್ಕತ್ತಿನಂತೆ ಪದರದ ಗೆರೆಯಲ್ಲೇ ಮುರಿಯಿತು. ಮಲಗಿಸಿ ಪ್ರಿಂಟ್ ಮಾಡಿದಾಗ ಪದರಗಳು ಉದ್ದಕ್ಕೂ ಬಂದವು, ಅಂದಿನಿಂದ ಲಿವರ್ ಮುರಿದಿಲ್ಲ. ಕೀಲಿಗೆ 4 ಮಿ.ಮೀ. ಉಕ್ಕಿನ ಪಿನ್.

ನಾಲ್ಕನೆಯದು ಮುರಿಯಲಿಲ್ಲ, ಮಾತ್ರೆಗಳನ್ನು ಮುರಿಯಿತು. 20 ಮಾತ್ರೆಗಳಲ್ಲಿ 7 ತುಂಡಾದವು. ಉಕ್ಕಿನ ತುದಿ ಗಟ್ಟಿಯಾಯಿತೆಂದು ರಬ್ಬರ್ ಹಾಕಿದೆ, 20ರಲ್ಲಿ 5 ತುಂಡು. ತುದಿಯನ್ನು ದುಂಡಗೆ ಉಜ್ಜಿದೆ, ಮತ್ತೆ 5. ಎರಡು ವಾರ ತುದಿಯೊಂದನ್ನೇ ಬದಲಿಸುತ್ತಾ ಕುಳಿತೆ.

ವಾರ 17–20: ಲೇತ್ ಮುಂದೆ, ಐದನೆಯ ಮಾದರಿ

ಒತ್ತುಕಡ್ಡಿ ಕಡೆಸಲು ಲೇತ್ ಕೆಲಸದ ಒಬ್ಬ ಹಿರಿಯರ ಬಳಿ ಹೋಗಿದ್ದೆ. ಅಚ್ಚು ಮಾಡುವುದೂ ಅವರ ಕಸುಬು. ನಾನು ತುದಿಯ ಕತೆ ಹೇಳುತ್ತಿದ್ದರೆ ಅವರು ಸಾಧನವನ್ನು ಕಣ್ಣ ಮಟ್ಟಕ್ಕೆ ಎತ್ತಿ ಹಿಡಿದು, ಲಿವರನ್ನು ನಿಧಾನವಾಗಿ ಕೆಳಗೆ ಒತ್ತಿದರು. ‘ಕಡ್ಡಿ ಕೆಳಗೆ ಬರುತ್ತಿಲ್ಲ, ಬೀಸಿಕೊಂಡು ಬರುತ್ತಿದೆ, ನೋಡಿ ಸ್ವಾಮಿ’ ಎಂದರು.

ನಿಜ. ಲಿವರ್ ಕೀಲಿನ ಸುತ್ತ ತಿರುಗುತ್ತದೆ. ಅದಕ್ಕೆ ಅಂಟಿಸಿದ ಕಡ್ಡಿಯೂ ಜೊತೆಗೇ ವಾಲುತ್ತದೆ. 25 ಮಿ.ಮೀ. ದೂರದಲ್ಲಿ 8 ಮಿ.ಮೀ. ಇಳಿಯಬೇಕಾದರೆ ಲಿವರ್ ಸುಮಾರು 19 ಡಿಗ್ರಿ ತಿರುಗಬೇಕು. ಕಡ್ಡಿಯ ತುದಿ 20 ಮಿ.ಮೀ. ಕೆಳಗಿದ್ದುದರಿಂದ ಅದು ಹೆಚ್ಚುಕಡಿಮೆ 6 ಮಿ.ಮೀ. ಪಕ್ಕಕ್ಕೆ ಸರಿಯುತ್ತಿತ್ತು. 8 ಮಿ.ಮೀ. ಅಗಲದ ಮಾತ್ರೆಗೆ ಅದು ಅಂಚಿನಲ್ಲಿ ಬೀಳುವ ಏಟು. ನಾಲ್ಕು ವಾರ ನಾನೂ ವಿನ್ಯಾಸಕರೂ ಪರದೆಯ ಮೇಲೆ ನೋಡಿದ್ದನ್ನು ಅವರು ಅರ್ಧ ನಿಮಿಷದಲ್ಲಿ ಕಂಡುಹಿಡಿದರು.

ಪರಿಹಾರವನ್ನೂ ಅವರೇ ಹೇಳಿದರು: ಕಡ್ಡಿಯನ್ನು ಲಿವರಿನಿಂದ ಬಿಡಿಸಿ, ನೆಟ್ಟಗಿನ ಕೊಳವೆಯಲ್ಲಿ ಓಡಾಡಲು ಬಿಡಿ, ಲಿವರ್ ಅದರ ದುಂಡು ತಲೆಯನ್ನು ಮೇಲಿನಿಂದ ತಳ್ಳಿದರೆ ಸಾಕು. ಐದನೆಯ ಮಾದರಿಯನ್ನು ಹಾಗೆಯೇ ಮಾಡಿದೆವು. ಕಡ್ಡಿ 10 ಮಿ.ಮೀ. ದಪ್ಪ, ಕೊಳವೆ 8 ಮಿ.ಮೀ. ಉದ್ದ. ಅದು ಎರಡು ಒತ್ತಿಗೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಮತ್ತೆ ಅವರ ಬಳಿಗೇ ಹೋದೆ. ಅವರು ತಮ್ಮ ಮೇಜಿನ ಡ್ರಾಯರನ್ನು ಒಂದು ಮೂಲೆಯಲ್ಲಿ ಹಿಡಿದು ಎಳೆದು ತೋರಿಸಿದರು, ಅದು ಓರೆಯಾಗಿ ಕಚ್ಚಿಕೊಂಡಿತು. ಅಗಲಕ್ಕಿಂತ ಆಳ ಕಡಿಮೆಯಾದರೆ ಯಾವುದೂ ಹಾಗೆಯೇ ಕಚ್ಚುತ್ತದೆ, ಕೊಳವೆಯ ಉದ್ದ ಕಡ್ಡಿಯ ದಪ್ಪದ ಒಂದೂವರೆ ಪಟ್ಟಿಗಿಂತ ಕಡಿಮೆ ಇರಬಾರದು ಎಂದರು. ಅವರಿಗೆ ಕೊಟ್ಟದ್ದು ಎಲ್ಲ ಸೇರಿ 5 ಪಾಲು. ಅವರು ಅದಕ್ಕಿಂತ ಹೆಚ್ಚು ಒಪ್ಪಲಿಲ್ಲ.

ವಾರ 21–25: ಆರನೆಯ ಮಾದರಿ, ಎರಡನೆಯ ಅರ್ಜಿ

ಕೊಳವೆ 20 ಮಿ.ಮೀ. ಪ್ರಿಂಟರಿನಲ್ಲಿ 10.4 ಎಂದು ಬರೆದ ತೂತು 10.1 ಆಗಿ ಬಂತು. ಆದ್ದರಿಂದ ಸ್ವಲ್ಪ ಚಿಕ್ಕದಾಗಿಯೇ ಪ್ರಿಂಟ್ ಮಾಡಿ ಡ್ರಿಲ್ ಬಿಟ್‌ನಿಂದ ಹಿಗ್ಗಿಸುವುದೇ ಮೇಲು. ಸುತ್ತ 0.2 ಮಿ.ಮೀ. ಸಡಿಲ ಇಟ್ಟೆ. ಕಡ್ಡಿಯನ್ನು ಮೇಲಕ್ಕೆ ತರುವ ಸ್ಪ್ರಿಂಗ್ ಮೊದಲು ಬಿರುಸಾಗಿತ್ತು, ಅದನ್ನು ಸೋಲಿಸಲೇ ಅಂಗೈಗೆ ಅರ್ಧ ಕಿಲೋ ಬೇಕಾಗುತ್ತಿತ್ತು. ತೆಳು ತಂತಿಯದು ಹಾಕಿದೆ. ತುದಿಗೆ ಟಿಪಿಯು ಎಂಬ ರಬ್ಬರಿನಂಥ ಮೆದು ಪ್ಲಾಸ್ಟಿಕ್. ತಳಕ್ಕೆ ನಾಲ್ಕು ರಬ್ಬರ್ ಪಾದ. 40 ಮಾತ್ರೆಗಳಲ್ಲಿ ಒಂದೂ ಮುರಿಯಲಿಲ್ಲ. ಅಂಗೈಯ ಮೇಲಿನ ಭಾರ 1.05 ಕಿಲೋ.

ಅವಸರದ ಅರ್ಜಿಯ ಪೆಟ್ಟು ಬಿದ್ದದ್ದು ಈಗ. ತಾತ್ಕಾಲಿಕ ಅರ್ಜಿ ಕಾಯುವುದು ಅದರಲ್ಲಿ ಬರೆದಿರುವುದನ್ನು ಮಾತ್ರ. ಬಿಡಿ ಕಡ್ಡಿ, ಕೊಳವೆ, ದುಂಡು ತಲೆ, ಇವು ಯಾವುವೂ ಅದರಲ್ಲಿ ಇರಲಿಲ್ಲ. ಹೊಸ ಅಂಶಕ್ಕೆ ಹೊಸ ದಿನಾಂಕವೇ ಸಿಗುವುದು. 24ನೆಯ ವಾರ ಎರಡನೆಯ ಅರ್ಜಿ ಹಾಕಿಸಿದೆ. ಹುಡುಕಾಟ, ಎರಡು ಅರ್ಜಿ ಸೇರಿ 19 ಪಾಲು, ಅದರಲ್ಲಿ ಕಡಿಮೆಯೆಂದರೂ 6 ಪಾಲು ನನ್ನ ಆತುರದ ಬೆಲೆ. ಕೆಲಸ ಮಾಡುವ ಮಾದರಿ ಕೈಗೆ ಬಂದ ಮೇಲೆ ಅರ್ಜಿ ಹಾಕಿ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಿ ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ. ಈ ಬರಹವೂ ಎರಡನೆಯ ಅರ್ಜಿಯ ನಂತರದ್ದೇ.

25ನೆಯ ವಾರ ಅಮ್ಮ ಸಾಧನವನ್ನು ಪಾತ್ರೆಗಳ ಜೊತೆ ಬಿಸಿನೀರಿನಲ್ಲಿ ತೊಳೆದಳು. ಪಿಎಲ್‌ಎ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ತಿರುಗುವ ತಟ್ಟೆ ಹಪ್ಪಳದಂತೆ ಸೊಟ್ಟಗಾಗಿ ಬಂತು. ಅವಳ ತಪ್ಪಲ್ಲ. ಔಷಧ ಮುಟ್ಟುವ ವಸ್ತುವನ್ನು ಯಾರಾದರೂ ತೊಳೆಯುತ್ತಾರೆ, ಅದನ್ನು ಬೇಡಿಕೆ ಪಟ್ಟಿಯಲ್ಲಿ ನಾನೇ ಬರೆಯಬೇಕಿತ್ತು.

ವಾರ 26–34: ಏಳನೆಯ ಮಾದರಿ

ಪ್ಲಾಸ್ಟಿಕ್ ಬದಲಾಯಿಸಿ ಪಿಇಟಿಜಿ ಹಾಕಿದೆ, ಅದು ಇನ್ನೂ ಇಪ್ಪತ್ತು ಡಿಗ್ರಿಯಷ್ಟು ಹೆಚ್ಚು ತಡೆಯುತ್ತದೆ. ತಟ್ಟೆಯನ್ನು ಉಗುರಿನಿಂದ ಎಬ್ಬಿಸದೆ ಅಂಗೈಯಿಂದಲೇ ತಿರುಗಿಸುವಂತೆ ಅಂಚಿಗೆ ದಪ್ಪ ಹಲ್ಲುಗಳು ಬಂದವು. ನಾಲ್ಕು ತೂತುಗಳು: 10, 14 ಮಿ.ಮೀ. ದುಂಡನೆಯವು, 20 ಮತ್ತು 24 ಮಿ.ಮೀ. ಉದ್ದದ ಅಂಡಾಕಾರದವು.

ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಒತ್ತಿ ತುಂಬುವ ವಿಧಾನ) ಅಚ್ಚಿನ ಖರ್ಚಿನ ಅಂದಾಜನ್ನೂ ಕೇಳಿದೆ. ಅದುವರೆಗಿನ ಎಲ್ಲ ಖರ್ಚಿಗಿಂತ ಹಲವು ಪಟ್ಟು ಆಗುತ್ತಿತ್ತು. ಲೇತ್‌ನ ಹಿರಿಯರು ಚಿತ್ರ ನೋಡಿ, ಇದು ಅಚ್ಚಿಗೆ ಇನ್ನೂ ಸಿದ್ಧವಿಲ್ಲ ಎಂದರು. ಗೋಡೆ ಒಂದು ಕಡೆ 6, ಇನ್ನೊಂದು ಕಡೆ 2 ಮಿ.ಮೀ. ಇದ್ದರೆ ದಪ್ಪ ಭಾಗ ನಿಧಾನವಾಗಿ ಆರಿ ಕುಳಿ ಬೀಳುತ್ತದೆ. ಎಲ್ಲ ಕಡೆ ಎರಡೂವರೆಯ ಒಳಗೆ ಇರಬೇಕು, ಬಲ ಬೇಕಾದಲ್ಲಿ ಪಟ್ಟಿ ಕೊಡಬೇಕು, ಅಚ್ಚಿನಿಂದ ಬಿಡಿಸಿಕೊಳ್ಳಲು ಗೋಡೆಗಳಿಗೆ ಒಂದೆರಡು ಡಿಗ್ರಿ ಇಳಿಜಾರು ಬೇಕು. ಸಿಲಿಕೋನ್ ಅಚ್ಚಿನಲ್ಲಿ ಎರಕ ಹೊಯ್ದರೆ ಒಂದು ಅಚ್ಚಿಗೆ ಸುಮಾರು 20 ಪ್ರತಿ ಸಿಗುತ್ತವೆ, ಥೆರಪಿಸ್ಟ್ ಅವರ ಬಳಿ ಬರುವವರಿಗೆ ಪರೀಕ್ಷೆಗೆ ಕೊಡಲು ಅಷ್ಟು ಸಾಕು. ಮುಂದಿನ ಹೆಜ್ಜೆ ಅದೇ.

ಉಳಿದ ಲೆಕ್ಕ: ಎಲ್ಲ ಪ್ರಿಂಟುಗಳು 9 ಪಾಲು, ಸಾಮಗ್ರಿ ಮತ್ತು ಉಪಕರಣ 8 ಪಾಲು.

ಸಿಕ್ಕಿಕೊಂಡಿರುವುದು ಇಲ್ಲಿ

ಎರಡೂ ಕಡೆ ಅಲ್ಯೂಮಿನಿಯಂ ಇರುವ ಸ್ಟ್ರಿಪ್. ಅಮ್ಮನ ಐದು ಮಾತ್ರೆಗಳಲ್ಲಿ ಒಂದು ಅಂಥದ್ದರಲ್ಲೇ ಬರುತ್ತದೆ. ಪಾರದರ್ಶಕ ಸ್ಟ್ರಿಪ್ಪಿನಲ್ಲಿ ಗುಳ್ಳೆ ಮಾತ್ರೆಯನ್ನು ಒತ್ತಾಗಿ ಹಿಡಿದಿರುತ್ತದೆ. ಇದರಲ್ಲಿ ಗುಳ್ಳೆ ಅಗಲ, ಗೋಡೆಗಳು ಇಳಿಜಾರು, ಮಾತ್ರೆ ಒಳಗೆ ಸಡಿಲವಾಗಿ ಓಡಾಡುತ್ತದೆ. ಒತ್ತಿದಾಗ ಲೋಹ ಸುಕ್ಕಾಗಿ ಮಾತ್ರೆಯನ್ನು ಪಕ್ಕಕ್ಕೆ ದೂಡುತ್ತದೆ, ಮಾತ್ರೆ ತೂತಿನ ಅಂಚಿಗೆ ತಾಗಿ ನಿಲ್ಲುತ್ತದೆ. ತಕ್ಕಡಿಯಲ್ಲಿ 4.6 ಕಿಲೋ ತೋರಿಸಿತು. ಹತ್ತರಲ್ಲಿ ಆರು ಸಲ ಮಾತ್ರ ಮಾತ್ರೆ ಹೊರಗೆ ಬರುತ್ತದೆ, ಉಳಿದ ನಾಲ್ಕು ಸಲ ಅಮ್ಮ ನನ್ನನ್ನು ಕರೆಯುತ್ತಾಳೆ.

ಉಬ್ಬು ತುದಿಯ ಬದಲು ಬಟ್ಟಲಿನಂತೆ ಒಳಗುಳಿಯಿರುವ ಟಿಪಿಯು ತುದಿಯನ್ನು ಪ್ರಿಂಟಿಗೆ ಹಾಕಿದ್ದೇನೆ. ಅದರ ಅಂಚು ಮಾತ್ರೆಯನ್ನು ಸುತ್ತಲೂ ಹಿಡಿದು ನಡುವಿಗೆ ತರಬಹುದು ಎಂಬ ಊಹೆ. ಅಗಲ 6, 8, 10 ಮಿ.ಮೀ., ಕುಳಿಯ ಆಳ ಮೂರಕ್ಕೂ 1.5 ಮಿ.ಮೀ. ಖಾಲಿ ಸ್ಟ್ರಿಪ್ಪುಗಳಲ್ಲಿ ಇದನ್ನು ಪರೀಕ್ಷಿಸಲು ಬರುವುದಿಲ್ಲ, ಆದ್ದರಿಂದ ದಿನಕ್ಕೆ ಒಂದೇ ಪ್ರಯತ್ನ, ಅದೂ ಬೆಳಗಿನ ಮಾತ್ರೆಯ ಹೊತ್ತಿಗೆ. ನಾಳೆ 8 ಮಿ.ಮೀ. ತುದಿಯಿಂದ ಶುರು ಮಾಡುತ್ತೇನೆ.